ಕರೆ ಬಂದರೆ ಈಗಲೂ ಎದೆ ನಡುಗುತ್ತದೆ

ಪತ್ರದಲ್ಲಿ ಹೆಸರು, ಊರು ಬೇಡ ಎಂದಿದ್ದೀರಿ, ಬಿಟ್ಟಿದ್ದೇನೆ.

2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ವೇಳೆ, ಬಡಾವಣೆಯ ಗೆಳೆಯರೊಡನೆ ಬೆಡ್, ಆಕ್ಸಿಜನ್ ಸಿಲಿಂಡರ್‌ಗಾಗಿ ಹಗಲು ರಾತ್ರಿ ಓಡಾಡಿದಿರಿ. ಈಗಲೂ ನಡುರಾತ್ರಿ ಫೋನ್ ಸದ್ದಾದರೆ ಕೈಕಾಲು ತಣ್ಣಗಾಗುತ್ತವೆ, ಉಳಿಸಲಾಗದ ಒಬ್ಬರ ಮುಖ ಕಣ್ಣೆದುರು ಬರುತ್ತದೆ ಎಂದು ಬರೆದಿದ್ದೀರಿ. ತೀವ್ರ ಆಘಾತ ಕಂಡ ಮಿದುಳು ಕೆಲವೊಮ್ಮೆ ಅಪಾಯ ಕಳೆದ ಮೇಲೂ ಕಾವಲು ಬಿಡುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಂದು ಆಸ್ಪತ್ರೆಗಳೇ ತುಂಬಿಹೋಗಿದ್ದವು. ಆ ಸಾವಿನ ಹೊಣೆಯನ್ನು ದಯವಿಟ್ಟು ತಲೆಯ ಮೇಲೆ ಹೊರಬೇಡಿ.

ಜನರಿಗಾಗಿ ಮಾಡುವ ಕೆಲಸವನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಪೂರ್ತಿ ಬಿಡಬೇಡಿ. ಲಾಕ್‌ಡೌನ್‌ನ ಒಂಟಿತನದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದೂ ಆ ಗೆಳೆಯರ ಗುಂಪೇ ಅಲ್ಲವೇ? ತುರ್ತು ಕರೆಗಳ ಜವಾಬ್ದಾರಿ ಮಾತ್ರ ಸದ್ಯ ಬೇರೆಯವರಿಗೆ ವಹಿಸಿ. ವಾರಕ್ಕೊಂದು ಸಂಜೆ ಮಕ್ಕಳಿಗೆ ಪಾಠ ಹೇಳಿದರೂ ಸಾಕು. ಅಂದಿನ ಗೆಳೆಯರನ್ನು ಮನೆಗೆ ಕರೆದು, ಕಾಫಿ ಕುಡಿಯುತ್ತಾ ಆ ದಿನಗಳ ಬಗ್ಗೆ ಬಾಯಿಬಿಟ್ಟು ಮಾತಾಡಿ. ಅವರಲ್ಲೂ ಯಾರಿಗೋ ನಿದ್ದೆ ಬರುತ್ತಿರಲಿಕ್ಕಿಲ್ಲ.

ಇಷ್ಟು ವರ್ಷವಾದರೂ ಆ ನೆನಪು ಕಾಡುತ್ತಿರುವುದರಿಂದ ಮನೋವೈದ್ಯರನ್ನು ಕಾಣಲೇಬೇಕು. ಇದಕ್ಕೆ ಒಳ್ಳೆಯ ಆಪ್ತಸಮಾಲೋಚನೆ, ಚಿಕಿತ್ಸೆ ಇದೆ. ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಉಚಿತ; ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಕರೆ ಮಾಡಿ.