ವೇಗವೂ ನಿಲುಗಡೆಯೂ: ಮೂರು ಕೂಪೆಗಳ ಹೋಲಿಕೆ

ರೈಲಿನ ಮೊದಲನೆಯ ದರ್ಜೆಯಲ್ಲಿ ಇಬ್ಬರಿಗೆ ಮೀಸಲಾದ ಸಣ್ಣ ಕೋಣೆಯನ್ನು ‘ಕೂಪೆ’ ಎನ್ನುವುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಫ್ರೆಂಚ್ ಭಾಷೆಯಲ್ಲಿ ಈ ಶಬ್ದಕ್ಕೆ ‘ಕತ್ತರಿಸಿದ್ದು’ ಎಂದರ್ಥ. ದೊಡ್ಡ ಕುದುರೆಗಾಡಿಯ ಒಂದು ಭಾಗವನ್ನು ತೆಗೆದು, ಇಬ್ಬರೇ ಕೂಡುವಂತೆ ಚಿಕ್ಕದಾಗಿಸಿದ ಗಾಡಿಗೆ ಮೊದಲು ಈ ಹೆಸರು ಬಂದಿತು. ಅನಂತರ ಎರಡು ಬಾಗಿಲುಗಳೂ ಗಟ್ಟಿಯಾದ ಮೇಲ್ಛಾವಣಿಯೂ ಉಳ್ಳ ಮೋಟಾರಿಗೂ ಅದೇ ಹೆಸರಾಯಿತು. ವೇಗವನ್ನೇ ಗುರಿಯಾಗಿಟ್ಟು ಕಟ್ಟಿದ ಕೂಪೆಯೇ ಸ್ಪೋರ್ಟ್ಸ್ ಕೂಪೆ. ಬೇರೆ ಬೇರೆ ಕಾಲದ ಇಂತಹ ಮೂರು ಗಾಡಿಗಳನ್ನು ಹೋಲಿಸಿ ನೋಡೋಣ.

ಮೊದಲನೆಯದು 1954ರ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್. ತೆಳುವಾದ ಉಕ್ಕಿನ ಕೊಳವೆಗಳಿಂದ ಹೆಣೆದ ಇದರ ಚೌಕಟ್ಟು ಪಕ್ಕಗಳಲ್ಲಿ ಎತ್ತರವಾಗಿದ್ದುದರಿಂದ ಸಾಧಾರಣ ಬಾಗಿಲಿಗೆ ಸ್ಥಳವಿರಲಿಲ್ಲ. ಆದುದರಿಂದ ಬಾಗಿಲುಗಳು ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ತೆರೆಯುತ್ತಿದ್ದುವು. ಎಂಜಿನ್ನಿನ ಗಾತ್ರ 2,996 ಘನ ಸೆಂಟಿಮೀಟರು. ಬಲ 215 ಅಶ್ವಶಕ್ತಿ. ಎರಡನೆಯದು 1964ರ ಪೋರ್ಷೆ 911. ಗಾಳಿಯಿಂದ ತಣಿಯುವ ಇದರ 1,991 ಘನ ಸೆಂಟಿಮೀಟರಿನ ಎಂಜಿನ್ನು ಗಾಡಿಯ ಹಿಂಭಾಗದಲ್ಲಿತ್ತು. ಬಲ 130 ಅಶ್ವಶಕ್ತಿ. ಮೂರನೆಯದು ಅದೇ ವಂಶದ 2019ರ 911 ಕರೇರಾ. ಎಂಜಿನ್ನಿನ ಗಾತ್ರ 2,981 ಘನ ಸೆಂಟಿಮೀಟರು; ಬಲ 385 ಅಶ್ವಶಕ್ತಿ.

ಮೊದಲನೆಯ ಮತ್ತು ಮೂರನೆಯ ಎಂಜಿನ್ನುಗಳ ಗಾತ್ರ ಬಹುಮಟ್ಟಿಗೆ ಒಂದೇ. ಆದರೂ ಬಲ ಇಷ್ಟು ಹೆಚ್ಚಿದುದೇಕೆ? ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಎರಡು ಟರ್ಬೊಗಳು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದೇ ಇದಕ್ಕೆ ಮುಖ್ಯ ಕಾರಣ.

ಓಡುವ ಗಾಡಿ ನಿಲ್ಲಲೂ ಬೇಕಷ್ಟೆ. 300 ಎಸ್‌ಎಲ್ ಕೂಪೆಗೆ ಡ್ರಮ್ ಬ್ರೇಕುಗಳಿದ್ದುವು. ಮುಚ್ಚಿದ ಡ್ರಮ್ಮಿನೊಳಗೆ ಹುಟ್ಟಿದ ಕಾವು ಬೇಗ ಹೊರಹೋಗದೆ, ಮತ್ತೆ ಮತ್ತೆ ಒತ್ತಿದಾಗ ಬ್ರೇಕಿನ ಹಿಡಿತ ಕುಂದುತ್ತಿತ್ತು. 1964ರ 911ರ ನಾಲ್ಕು ಚಕ್ರಗಳಿಗೂ ಗಾಳಿಗೆ ತೆರೆದ ಡಿಸ್ಕ್ ಬ್ರೇಕುಗಳು ಬಂದುವು. ಇಂದಿನ ಗಾಡಿಯಲ್ಲಿ, ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರಗಳು ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಸಾಧನವೂ ಇದೆ.

ಇಷ್ಟಾದರೂ ಪ್ರಕೃತಿನಿಯಮ ಬದಲಾಗಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಮಡಿಯಾಗುತ್ತದೆ. ಇದನ್ನು ಒಂದು ನಿಜವಾದ ರಸ್ತೆಯ ಮೇಲೆ ಲೆಕ್ಕ ಹಾಕೋಣ. ಆಂಧ್ರಪ್ರದೇಶದ ವಿಶಾಖಪಟ್ಟಣದಿಂದ ತುನಿ, ರಾಜಮಹೇಂದ್ರವರಂ, ಏಲೂರುಗಳ ಮಾರ್ಗವಾಗಿ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ಗಂಟೆಗೆ 80 ಕಿಲೋಮೀಟರಿನಂತೆ ಎಡೆಬಿಡದೆ ಹೋದರೆ 4 ಗಂಟೆ 22 ನಿಮಿಷ. 100ರಂತೆ ಹೋದರೆ ಮೂರೂವರೆ ಗಂಟೆ. ಉಳಿತಾಯ 52 ನಿಮಿಷ.

ಈಗ ಹಾದಿಯಲ್ಲಿ 60 ಮೀಟರು ಮುಂದೆ ಒಂದು ಮಗು ರಸ್ತೆಗೆ ಇಳಿಯಿತೆನ್ನಿ. ಚಾಲಕನು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಹಿಡಿಯುವುದೆಂದೂ, ಆಮೇಲೆ ಪ್ರತಿ ಸೆಕೆಂಡಿಗೆ ಗಂಟೆಗೆ 25 ಕಿಲೋಮೀಟರಿನಷ್ಟು ವೇಗ ಇಳಿಯುವುದೆಂದೂ ಇಟ್ಟುಕೊಳ್ಳೋಣ. 80ರ ವೇಗದ ಗಾಡಿ 58 ಮೀಟರಿನಲ್ಲಿ ನಿಲ್ಲುತ್ತದೆ, ಮಗು ಉಳಿಯುತ್ತದೆ. 100ರ ವೇಗದ ಗಾಡಿಗೆ 83 ಮೀಟರು ಬೇಕು. ಮಗುವಿನ ಬಳಿಗೆ ಬಂದಾಗ ಅದರ ವೇಗ ಇನ್ನೂ 60 ಕಿಲೋಮೀಟರಿಗೆ ಮಿಗಿಲಾಗಿರುತ್ತದೆ. ನೀವೂ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿರಿ.

ಕೆಟ್ಟ ಗಾಡಿಗಳನ್ನು ಸರಿಪಡಿಸುವ ಅಂಗಡಿಗಳು ವಿಜಯವಾಡದ ಆಟೋನಗರದಲ್ಲಿ ಸಾಲುಸಾಲಾಗಿವೆ. ಹೋದ ಪ್ರಾಣವನ್ನು ಮರಳಿ ಕೊಡುವ ಅಂಗಡಿ ಯಾವ ಊರಿನಲ್ಲಿಯೂ ಇಲ್ಲ. ಆದುದರಿಂದ ಮೋಟಾರನ್ನು ಹೋಲಿಸುವಾಗ ಅದು ಎಷ್ಟು ವೇಗವಾಗಿ ಓಡುವುದೆಂಬುದರ ಜೊತೆಗೆ ಎಷ್ಟು ಬೇಗ ನಿಲ್ಲುವುದೆಂಬುದನ್ನೂ ಕೇಳಬೇಕು.