ಬೇಲಿಗೆ ಹಬ್ಬಿಸತಕ್ಕ ಬಳ್ಳಿಗಳು

ದುರ್ಗಾಂಬೆಯ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವ ಅಂತರಘಟ್ಟೆಯಂಥ ಊರಿನಲ್ಲಿ ಬೇಲಿಯ ಬಳ್ಳಿಯನ್ನು ಆರಿಸುವಾಗ ಅಂದಕ್ಕಿಂತಲೂ ದನಕರುಗಳ ಕ್ಷೇಮವನ್ನು ಮೊದಲು ಯೋಚಿಸತಕ್ಕದ್ದು. ಬೇಲಿಯಲ್ಲಿ ತಾನಾಗಿ ಹಬ್ಬುವ ಗುಲಗಂಜಿಯ ಬೀಜವು ಅರೆದರೆ ಅಥವಾ ಅಗಿದರೆ ಘೋರ ವಿಷವು. ಹಿಂದೆ ದುಷ್ಟರು ಇದನ್ನು ಅರೆದು ಮುಳ್ಳಿನಂತೆ ಮಾಡಿ ದನಗಳಿಗೆ ಚುಚ್ಚಿ ಕೊಲ್ಲುತ್ತಿದ್ದುದುಂಟು. ಕೆಂಪು ಬೀಜಕ್ಕೆ ಮಕ್ಕಳೂ ಮರುಳಾಗುವರು. ಆದಕಾರಣ ಕಾಯಿ ಬಲಿಯುವ ಮೊದಲೇ ಅದನ್ನು ಬೇರುಸಹಿತ ಕೀಳಿಸಬೇಕು.

ಆ ಸ್ಥಳಕ್ಕೆ ತೊಂಡೆಯು ಉತ್ತಮ. ಇದರಲ್ಲಿ ಗಂಡು ಹೆಣ್ಣು ಬಳ್ಳಿಗಳು ಬೇರೆಬೇರೆಯಾದ್ದರಿಂದ ಬೀಜ ಬಿತ್ತದೆ, ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಬಲಿತ ಕಡ್ಡಿಯನ್ನೇ ಮುಂಗಾರಿನಲ್ಲಿ ನೆಡತಕ್ಕದ್ದು. ಹೀರೆ, ಹಾಗಲಗಳನ್ನಾದರೋ ವರ್ಷವರ್ಷವೂ ಬಿತ್ತಬೇಕು.

ಮಣ್ಣಿನ ಗೋಡೆಗೆ ಯಾವ ಬಳ್ಳಿಯನ್ನೂ ನೇರವಾಗಿ ಹಬ್ಬಿಸಕೂಡದು. ತೇವ ನಿಂತು ಗೋಡೆ ಕೆಡುವುದು. ಒಂದು ಮೊಳ ದೂರದಲ್ಲಿ ಗಳುಗಳ ಹಂದರವನ್ನು ಕಟ್ಟಿಸುವುದು ಲೇಸು.