ರಿಯಲ್ ಏಲ್, ಸ್ಟೌಟ್ ಮತ್ತು ಮನೆ ಬಿಯರು: ಬೆಳೆಗಾರರಿಗೊಂದು ಪಾಠ

(ಅಧ್ಯಯನ ಕೂಟಗಳ ಉಪಯೋಗಕ್ಕಾಗಿ)

ಕಾಫಿ ಮತ್ತು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಕುಡಿತಕ್ಕೆ ಪ್ರೋತ್ಸಾಹ ಕೊಡುವುದು ಈ ಲೇಖನದ ಉದ್ದೇಶವಲ್ಲ. ಬಟವಾಡೆಯ ದಿನ ಸಂಜೆ ಲೈನ್ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಕಂಡವರು ಯಾರೂ ಅಂಥ ಕೆಲಸಕ್ಕೆ ಕೈ ಹಾಕಲಾರರು. ಆದರೆ ಇಂಗ್ಲೆಂಡಿನಲ್ಲಿ ಹಳೆಯ ಕ್ರಮದ ಒಂದು ಬಿಯರು ಅಳಿದುಹೋಗುವ ಹಂತಕ್ಕೆ ಬಂದು, ಅದನ್ನು ಸವಿಯಬಲ್ಲವರ ಸಂಘಟನೆಯಿಂದಲೇ ಮತ್ತೆ ಚೇತರಿಸಿಕೊಂಡಿತು. ಆ ಸಂಗತಿ ಸಹಕಾರಿಗಳಾದ ನಾವು ತಿಳಿದಿರಬೇಕಾದದ್ದು. ಅಲ್ಲದೆ ಬಿಯರು ಹುಳಿಸುವ ತೊಟ್ಟಿಗೂ ನಮ್ಮ ಪಲ್ಪರ್ ಮನೆಯ ತೊಟ್ಟಿಗೂ, ಅಲ್ಲಿಯ ಹುರಿದ ಧಾನ್ಯಕ್ಕೂ ನಮ್ಮ ಹುರಿದ ಬೀಜಕ್ಕೂ ಹತ್ತಿರದ ನಂಟಿದೆ.

1. ಬಿಯರು ಆಗುವ ಬಗೆ

ಬಿಯರಿಗೆ ಬೇಕಾದ ಮುಖ್ಯ ವಸ್ತುಗಳು ನಾಲ್ಕು: ಬಾರ್ಲಿ ಅಥವಾ ಜವೆಗೋಧಿ, ನೀರು, ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು ಮತ್ತು ಯೀಸ್ಟ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಹೆಚ್ಚು ಬೆಳೆಯುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟ್. ಮಗುವಿಗೆ ರಾಗಿ ಸರಿ ಮಾಡಲು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವ ನಮ್ಮ ಮನೆಯ ಹೆಂಗಸರಿಗೆ ಈ ಕ್ರಮ ಹೊಸದಲ್ಲ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳಿರುತ್ತವೆ. ಮಾಲ್ಟನ್ನು ನುಚ್ಚು ಮಾಡಿ ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಿಹಿಯಾದ ರಸ ಸಿಗುತ್ತದೆ. ಇದನ್ನು ಸೋಸಿ, ಹಾಪ್ಸ್ ಹಾಕಿ, ಒಂದು ಒಂದೂವರೆ ಗಂಟೆ ಕುದಿಸುತ್ತಾರೆ. ಹಾಪ್ಸಿನಿಂದ ಕಹಿ ಮತ್ತು ಪರಿಮಳ ಬರುವುದಲ್ಲದೆ, ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳ ಹಾವಳಿಯೂ ತಗ್ಗುತ್ತದೆ.

ಕುದಿಸಿದ ರಸವನ್ನು ಬೇಗನೆ ತಣಿಸಿ ಯೀಸ್ಟ್ ಸೇರಿಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಕೊಡುತ್ತದೆ. ಸುಮಾರು 15ರಿಂದ 22 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಹುಳಿಯುವ ಬಿಯರು ಏಲ್. ಇದಕ್ಕಿಂತ ತಂಪಿನಲ್ಲಿ, ಬೇರೆ ಜಾತಿಯ ಯೀಸ್ಟಿನಿಂದ ನಿಧಾನವಾಗಿ ಹುಳಿದು, ತಂಪಿನಲ್ಲೇ ವಾರಗಟ್ಟಲೆ ಮಾಗುವುದು ಲಾಗರ್. ನಮ್ಮ ದೇಶದ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುವ ಬಿಯರು ಬಹುಪಾಲು ಲಾಗರ್ ಜಾತಿಯದು.

2. ‘ರಿಯಲ್ ಏಲ್’ ಎಂದರೇನು?

ಕಾರ್ಖಾನೆಯಲ್ಲಿ ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟನ್ನು ತೆಗೆದು ಅಥವಾ ಕೊಂದು, ಅನಿಲದ ಒತ್ತಡದಲ್ಲಿ ಲೋಹದ ಪೀಪಾಯಿಗೆ ತುಂಬುವುದು ಒಂದು ಪದ್ಧತಿ. ಇದು ಕೆಗ್ ಬಿಯರು. ಸಾಗಿಸುವುದು ಸುಲಭ, ಕೆಡುವ ಭಯ ಕಡಿಮೆ, ಎಲ್ಲೆಡೆ ಒಂದೇ ರುಚಿ.

ರಿಯಲ್ ಏಲ್ ಹಾಗಲ್ಲ. ಅದು ಪೀಪಾಯಿಗೆ ಹೋಗುವಾಗಲೂ ಅದರಲ್ಲಿ ಜೀವಂತ ಯೀಸ್ಟ್ ಇರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ತಂಪಿನಲ್ಲಿ ಅದೇ ಪೀಪಾಯಿಯೊಳಗೆ ಎರಡನೆಯ ಸಲ ಹುಳಿದು ಮಾಗುತ್ತದೆ. ನೆಲಮಾಳಿಗೆಯ ಉಸ್ತುವಾರಿಯವನು ಮೊದಲು ಗಾಳಿಯಾಡುವ ಮೆದು ಮರದ ಬೆಣೆಯನ್ನು ಹಾಕಿ ಹೆಚ್ಚಿನ ಅನಿಲ ಹೊರಹೋಗಲು ಬಿಡುತ್ತಾನೆ. ಬಳಿಕ ಗಟ್ಟಿ ಬೆಣೆ ಹಾಕಿ ಉಳಿದ ಅನಿಲವನ್ನು ಹಿಡಿದಿಡುತ್ತಾನೆ. ಗಸಿ ತಳ ಸೇರಿ ಬಿಯರು ತಿಳಿಯಾದ ಮೇಲೆ ಕೈಪಂಪಿನಿಂದ ಎತ್ತಿ ಬಡಿಸುತ್ತಾರೆ. ಹೊರಗಿನ ಅನಿಲದಿಂದ ದೂಡುವುದಿಲ್ಲ. ಬಿಯರು ಹೊರಬಂದಷ್ಟೂ ಒಳಗೆ ಗಾಳಿ ಸೇರುವುದರಿಂದ, ತೆರೆದ ಪೀಪಾಯಿಯನ್ನು ಸುಮಾರು 3 ದಿನಗಳಲ್ಲಿ ಮುಗಿಸಬೇಕು. ತಪ್ಪಿದರೆ ರುಚಿ ಸಪ್ಪೆಯಾಗಿ ಹುಳಿಯ ಕಡೆಗೆ ತಿರುಗುತ್ತದೆ. ಸಾಮಾನ್ಯವಾಗಿ ಬಳಸುವ ‘ಫರ್ಕಿನ್’ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್ ಹಿಡಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಿಯರು ತಯಾರಿಸಿದವನು ಎಷ್ಟೇ ನಿಪುಣನಾಗಿರಲಿ, ಕೊನೆಯ ಕೈ ಅಜಾಗರೂಕವಾದರೆ ಎಲ್ಲವೂ ವ್ಯರ್ಥ. ಅಡಿಕೆ ಸುಲಿದು, ಚೊಗರಿನಲ್ಲಿ ಹದವಾಗಿ ಬೇಯಿಸಿ, ಕೊನೆಗೆ ಅಂಗಳದಲ್ಲಿ ಮಳೆಗೆ ಸಿಕ್ಕಿಸಿದರೆ ಏನಾಗುವುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

3. ಕುಡಿಯುವವರ ಸಂಘಟನೆ

1960ರ ದಶಕದಲ್ಲಿ ಬ್ರಿಟನ್ನಿನ ಸಣ್ಣ ಬಿಯರು ತಯಾರಕರನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಕೊಂಡುಕೊಂಡವು. ಪಬ್ಬುಗಳಲ್ಲಿ ಅನೇಕವು ಆ ಕಂಪನಿಗಳ ಸ್ವತ್ತೇ ಆಗಿದ್ದುದರಿಂದ ಅಲ್ಲಿ ಯಾವ ಬಿಯರು ಸಿಗಬೇಕೆಂಬುದನ್ನು ಅವೇ ನಿರ್ಧರಿಸುತ್ತಿದ್ದವು. ಎಲ್ಲೆಲ್ಲೂ ಕೆಗ್ ಬಿಯರು ಬಂದಿತು. ಊರೂರಿಗೆ ಬೇರೆಯಾಗಿದ್ದ ರುಚಿಗಳು ಮಾಯವಾಗತೊಡಗಿದವು.

1971ರಲ್ಲಿ ನಾಲ್ವರು ಇಂಗ್ಲಿಷ್ ಸ್ನೇಹಿತರು ಐರ್ಲೆಂಡಿನ ಪ್ರವಾಸದಲ್ಲಿದ್ದಾಗ ಇದರ ವಿರುದ್ಧ ಒಂದು ಸಂಘವನ್ನು ಹುಟ್ಟುಹಾಕಿದರು. ಅವರ ಬಳಿ ಬಂಡವಾಳವಿರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. 1973ರಲ್ಲಿ ಸಂಘವು ‘ಕ್ಯಾಂಪೇನ್ ಫಾರ್ ರಿಯಲ್ ಏಲ್’ ಎಂಬ ಹೆಸರನ್ನು ತಳೆಯಿತು. ಜನ ಅದನ್ನು ಚಿಕ್ಕದಾಗಿ ‘ಕ್ಯಾಮ್ರಾ’ ಎನ್ನುತ್ತಾರೆ. ಅವರು ಮಾಡಿದ ಕೆಲಸವನ್ನು ಮೂರು ಭಾಗವಾಗಿ ನೋಡಬಹುದು.

ಮೊದಲನೆಯದಾಗಿ, ಯಾವುದು ನಿಜವಾದ ಏಲ್ ಎಂಬುದಕ್ಕೆ ಸ್ಪಷ್ಟವಾದ ಲಕ್ಷಣ ಹೇಳಿದರು: ಸಾಂಪ್ರದಾಯಿಕ ವಸ್ತುಗಳಿಂದ ತಯಾರಾಗಿರಬೇಕು, ಬಡಿಸುವ ಪಾತ್ರೆಯಲ್ಲೇ ಎರಡನೆಯ ಸಲ ಹುಳಿದು ಮಾಗಬೇಕು, ಹೊರಗಿನ ಅನಿಲದ ನೆರವಿಲ್ಲದೆ ಬಡಿಸಬೇಕು. ಎರಡನೆಯದಾಗಿ, ಅಂಥ ಬಿಯರು ಚೆನ್ನಾಗಿ ಸಿಗುವ ಪಬ್ಬುಗಳನ್ನು ಸದಸ್ಯರೇ ಸುತ್ತಿ ಪಟ್ಟಿ ಮಾಡಿದರು. ಈ ಕೈಪಿಡಿ 1974ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಮೂರನೆಯದಾಗಿ, ಪಬ್ಬಿಗೆ ಹೋದಾಗ ಅದನ್ನೇ ಕೇಳಿ ಪಡೆಯಲು ಜನರಿಗೆ ಕಲಿಸಿದರು. ಗಿರಾಕಿಯೇ ಹೆಸರಿಟ್ಟು ಕೇಳತೊಡಗಿದ ಮೇಲೆ ದೊಡ್ಡ ಕಂಪನಿಗಳೂ ಕಿವಿಗೊಡಬೇಕಾಯಿತು. ಹೊಸ ಸಣ್ಣ ತಯಾರಕರೂ ತಲೆ ಎತ್ತಿದರು. 2002ರಲ್ಲಿ ಅಲ್ಲಿಯ ಸರ್ಕಾರ, ವರ್ಷಕ್ಕೆ 5 ಲಕ್ಷ ಲೀಟರ್‌ವರೆಗೆ ತಯಾರಿಸುವವರಿಗೆ ಸುಂಕವನ್ನು ಅರ್ಧಕ್ಕೆ ಇಳಿಸಿತು. 2023ರಲ್ಲಿ ಆ ನಿಯಮದ ಜಾಗಕ್ಕೆ ಬೇರೆ ಕ್ರಮ ಬಂದರೂ ಸಣ್ಣವರಿಗೆ ರಿಯಾಯಿತಿ ಎಂಬ ತತ್ತ್ವ ಉಳಿದಿದೆ.

4. ಸ್ಟೌಟ್: ಹುರಿದ ಧಾನ್ಯದ ಬಿಯರು

18ನೆಯ ಶತಮಾನದ ಲಂಡನ್ನಿನಲ್ಲಿ ಹೊರೆ ಹೊರುವ ಶ್ರಮಿಕರಿಗೆ ಪ್ರಿಯವಾಗಿದ್ದ ಕಂದು ಬಿಯರಿಗೆ ‘ಪೋರ್ಟರ್’ ಎಂಬ ಹೆಸರು ಬಂದಿತು. ಅದರಲ್ಲಿ ಗಟ್ಟಿಯಾದದ್ದು ‘ಸ್ಟೌಟ್ ಪೋರ್ಟರ್’; ಕ್ರಮೇಣ ಬರೀ ಸ್ಟೌಟ್. 1817ರಲ್ಲಿ ಡೇನಿಯಲ್ ವೀಲರ್ ಎಂಬವರು ಮಾಲ್ಟನ್ನು ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಾಫಿ ಹುರಿಯುವ ಪೀಪಾಯಿಯಂತೆಯೇ ಒಲೆಯ ಮೇಲೆ ತಿರುಗುವ ಕಬ್ಬಿಣದ ಉರುಳೆಯಲ್ಲಿ ಅದನ್ನು ಹುರಿಯುತ್ತಿದ್ದರು. ಇಂದಿನ ಐರಿಷ್ ಸ್ಟೌಟಿಗೆ ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಹಾಕುತ್ತಾರೆ. ಸ್ಟೌಟಿನಲ್ಲಿ ಕಾಫಿಯ ವಾಸನೆ ಬರುವುದಕ್ಕೆ ಕಾರಣ ಕಾಫಿ ಬೆರೆಸಿದ್ದಲ್ಲ. ಬೀಜವಾಗಲಿ ಬಾರ್ಲಿಯಾಗಲಿ, ಹುರಿದಾಗ ಅದರ ಸಕ್ಕರೆ ಮತ್ತು ಸಸಾರಜನಕದ ಅಂಶಗಳು ಕೂಡಿ ಒಂದೇ ಜಾತಿಯ ಪರಿಮಳಗಳನ್ನು ಕೊಡುತ್ತವೆ.

ಸ್ಟೌಟುಗಳಲ್ಲೆಲ್ಲ ಹೆಸರಾದದ್ದು ಡಬ್ಲಿನ್ನಿನ ಗಿನ್ನೆಸ್. 1759ರಲ್ಲಿ ಆರ್ಥರ್ ಗಿನ್ನೆಸ್ ಅಲ್ಲಿಯ ಜಾಗವನ್ನು 9,000 ವರ್ಷಗಳ ಗೇಣಿಗೆ ಹಿಡಿದರು! ಈ ಸಂಸ್ಥೆಯಲ್ಲಿದ್ದ ವಿಲಿಯಂ ಗಾಸೆಟ್ ಎಂಬ ನೌಕರರು, ಕೆಲವೇ ಮಾದರಿಗಳನ್ನು ಪರೀಕ್ಷಿಸಿ ಎಷ್ಟರಮಟ್ಟಿಗೆ ಖಚಿತವಾಗಿ ಹೇಳಬಹುದು ಎಂಬ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಇಂದಿಗೂ ಕೃಷಿ ಸಂಶೋಧನೆಯಲ್ಲಿ ಗೊಬ್ಬರ, ತಳಿಗಳ ಪರೀಕ್ಷೆಗೆ ಈ ಲೆಕ್ಕವನ್ನು ಬಳಸುತ್ತಾರೆ. ಪೀಪಾಯಿಯಲ್ಲಿ ಮಾಗುವ ಸ್ಟೌಟೂ ರಿಯಲ್ ಏಲೇ. ಆದರೆ ನೈಟ್ರೋಜನ್ ಅನಿಲದಿಂದ ಬಡಿಸುವ ಗಿನ್ನೆಸ್, ಎಷ್ಟೇ ಜನಪ್ರಿಯವಾಗಿದ್ದರೂ, ಆ ಲಕ್ಷಣಕ್ಕೆ ಹೊಂದುವುದಿಲ್ಲ.

5. ಮನೆಯಲ್ಲಿ ತಯಾರಿಸುವವರು

ಬ್ರಿಟನ್ನಿನಲ್ಲಿ 1880ರ ಕಾಯಿದೆಯ ಪ್ರಕಾರ ಮನೆಯಲ್ಲಿ ಬಿಯರು ಮಾಡಲು ಲೈಸೆನ್ಸ್ ಬೇಕಿತ್ತು. 1963ರಲ್ಲಿ ಅದನ್ನು ರದ್ದುಪಡಿಸಿದರು. ಮಾರಾಟ ಮಾತ್ರ ಕೂಡದು. ಅಮೆರಿಕದಲ್ಲಿ 1978ರ ಕಾಯಿದೆ ಇಂಥ ಅವಕಾಶ ಕೊಟ್ಟಿತು. ಅಲ್ಲಿ ಮನೆಯ ಹವ್ಯಾಸಿಯಾಗಿ ಕಲಿತ ಕೆನ್ ಗ್ರಾಸ್‌ಮನ್ 1980ರಲ್ಲಿ ಕ್ಯಾಲಿಫೋರ್ನಿಯದ ಚಿಕೊ ಪಟ್ಟಣದ ‘ಸಿಯೆರಾ ನೆವಾಡಾ’ದಲ್ಲಿ ಮೊದಲ ಬಾರಿಗೆ ಬೇಯಿಸಿದ್ದು ಸ್ಟೌಟನ್ನೇ.

ಮನೆಯ ತಯಾರಕರು ಸಾಮಾನ್ಯವಾಗಿ ಒಂದು ಸಲಕ್ಕೆ 20 ಲೀಟರಿನಷ್ಟು ಮಾಡುತ್ತಾರೆ. ಅವರು ಮೊದಲು ಕಲಿಯುವುದು ಶುಚಿತ್ವ. ಕುದಿ ಇಳಿದ ಮೇಲೆ ರಸಕ್ಕೆ ತಾಗುವ ಪಾತ್ರೆ, ಕೊಳವೆ, ಸೌಟು ಎಲ್ಲವೂ ಕ್ರಿಮಿಶುದ್ಧವಾಗಿರಲೇಬೇಕು. ಎರಡನೆಯದು ಅಳತೆ. ಹೈಡ್ರೋಮೀಟರಿನಿಂದ ರಸದ ಸಾಂದ್ರತೆಯನ್ನು ಆರಂಭದಲ್ಲಿಯೂ ಕೊನೆಯಲ್ಲಿಯೂ ನೋಡುತ್ತಾರೆ. 1.040 ಇದ್ದದ್ದು 1.010ಕ್ಕೆ ಇಳಿದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿದಾಗ ಮದ್ಯಸಾರ ಸುಮಾರು ಶೇಕಡ 3.9 ಎಂದು ತಿಳಿಯುತ್ತದೆ. ಮೂರನೆಯದು ತಾಳ್ಮೆ. ಹುಳಿಯುವುದು ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಬಾಟಲಿಯೇ ಸಿಡಿಯಬಹುದು. ನಾಲ್ಕನೆಯದು ದಾಖಲೆ: ದಿನ, ಉಷ್ಣತೆ, ತೂಕ, ಫಲ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ.

ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಲೈಸೆನ್ಸಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಸದಸ್ಯರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದತಕ್ಕದ್ದು.

6. ಸವಿಯುವ ಕ್ರಮ

ಏಲನ್ನು ಮಂಜಿನಂತೆ ತಣ್ಣಗೆ ಮಾಡಿ ಗಟಗಟನೆ ಕುಡಿಯುವುದಿಲ್ಲ. ಅತಿ ತಂಪಿಗೆ ನಾಲಿಗೆ ಜಡವಾಗುತ್ತದೆ. ಮೊದಲು ಬಣ್ಣ, ತಿಳಿ, ನೊರೆ ನೋಡಿ, ಬಳಿಕ ಮೂಸಿ, ಆಮೇಲೆ ಸ್ವಲ್ಪ ಬಾಯಲ್ಲಿಟ್ಟು ಸಿಹಿ, ಹುಳಿ, ಕಹಿ, ಒಗರುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ದೋಷಗಳಿಗೂ ಕಾರಣ ಬಲ್ಲರು. ವಿನೆಗರಿನ ಹುಳಿ ಬಂದರೆ ಗಾಳಿ ಮತ್ತು ಬ್ಯಾಕ್ಟೀರಿಯಾ ಸೇರಿವೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರು ಗಾಳಿ ತಾಗಿ ಹಳಸಿದೆ. ಬಿಸಿಲಲ್ಲಿಟ್ಟ ಬಾಟಲಿಯಾದರೆ ಹಾಪ್ಸಿನ ಅಂಶ ಕೆಟ್ಟು ನಾರುತ್ತದೆ. ಕಾಫಿಯ ರುಚಿ ಪರೀಕ್ಷಕರೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಸೊರ್ರನೆ ಹೀರಿ ಉಗುಳುವುದೊಂದೇ ವ್ಯತ್ಯಾಸ.

7. ನಮಗೆ ಇದರಿಂದ ಏನು?

ಹಡಗಿನ ಕಾಲದ ಒಂದು ಸಂಗತಿ ಇಲ್ಲಿ ಪ್ರಸ್ತುತ. ಇಂಗ್ಲೆಂಡಿನಿಂದ ಆಫ್ರಿಕವನ್ನು ಸುತ್ತಿ ಭಾರತಕ್ಕೆ ಬರುತ್ತಿದ್ದ, ಹಾಪ್ಸ್ ಹೆಚ್ಚಿದ ತಿಳಿ ಏಲಿಗೆ ಮುಂದೆ ‘ಇಂಡಿಯಾ ಪೇಲ್ ಏಲ್’ ಎಂದೇ ಹೆಸರಾಯಿತು. ಅದೇ ದಾರಿಯಲ್ಲಿ ಎದುರಾಗಿ ಹೋಗುತ್ತಿದ್ದ ನಮ್ಮ ಕಾಫಿ, ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ, ಉಬ್ಬಿ, ಹೊಂಬಣ್ಣ ತಾಳಿ ಯುರೋಪಿಗೆ ತಲುಪುತ್ತಿತ್ತು. ಪ್ರಯಾಣ ಬೇಗವಾದ ಮೇಲೆ ಆ ರುಚಿ ತಪ್ಪಿತು. ಗಿರಾಕಿಗಳು ಅದನ್ನೇ ಕೇಳಿದರು. ಆಗ ಕರಾವಳಿಯ ಕ್ಯೂರಿಂಗ್ ಕೆಲಸದವರು ಬೀಜವನ್ನು ಮುಂಗಾರಿನ ಗಾಳಿಗೆ ಒಡ್ಡಿ ಅದೇ ರುಚಿಯನ್ನು ತಂದರು. ಇದೇ ‘ಮಾನ್ಸೂನ್ಡ್ ಮಲಬಾರ್’. ಒಂದು ರುಚಿಯನ್ನು ಬಲ್ಲವರು ಇದ್ದರೆ, ಅದಕ್ಕೊಂದು ಹೆಸರಿದ್ದರೆ, ಅದು ಉಳಿಯುತ್ತದೆ, ಬೆಲೆಯನ್ನೂ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

1996ರಲ್ಲಿ ಪೂಲ್ ಪದ್ಧತಿ ಪೂರ್ಣವಾಗಿ ನಿಂತ ಮೇಲೆ ಮಾರುವ ಸ್ವಾತಂತ್ರ್ಯವೂ ಹೊಣೆಯೂ ನಮ್ಮದಾಗಿವೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ, ಹಾಗೆಯೇ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಹೆಸರು ಸಿಕ್ಕಿದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಸ್ವಂತ ತೋಟದ ಬೀಜವನ್ನು ಬೇರೆಯಾಗಿ ಹುರಿದು, ಚಿಕೋರಿಯಿಲ್ಲದೆ, ಹಾಲಿಲ್ಲದೆ ಒಂದು ಗುಟುಕು ಕುಡಿದು ನೋಡಿದ್ದೇವೆ? ವ್ಯಾಪಾರಿ ‘ವಾಸನೆ ಇದೆ’ ಎಂದು ಬೆಲೆ ಇಳಿಸಿದಾಗ ಅದು ನಿಜವೋ ಅಲ್ಲವೋ ಹೇಳಲು ನಮಗೆ ಬಾರದಿದ್ದರೆ, ಅವನು ಹೇಳಿದ್ದೇ ಬೆಲೆಯಾಗುತ್ತದೆ.

ಪಲ್ಪ್ ಮಾಡಿದ ಬೀಜದ ಲೋಳೆಯನ್ನು ಕರಗಿಸುವುದೂ ಹುಳಿಯುವ ಕ್ರಿಯೆಯೇ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಚಳಿ ಹೆಚ್ಚಿದರೆ ತಡವಾಗುತ್ತದೆ. ಹದ ಮೀರಿದರೆ ಹುಳಿ. ನಿನ್ನೆಯ ಬೀಜ ಪಲ್ಪರಿನ ಸಂದಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ಉಳಿದರೆ ಅದು ‘ಸ್ಟಿಂಕರ್’ ಆಗುತ್ತದೆ. ಕೆಲವೇ ಬೀಜಗಳು ಇಡೀ ಲೋಟವನ್ನು ಕೆಡಿಸಬಲ್ಲವು. ಮನೆ ಬಿಯರಿನವರ ನಾಲ್ಕು ನಿಯಮಗಳನ್ನು, ಎಂದರೆ ಶುಚಿತ್ವ, ಅಳತೆ, ತಾಳ್ಮೆ, ದಾಖಲೆಗಳನ್ನು, ನಮ್ಮ ತೊಟ್ಟಿಯ ಬಳಿ ಬರೆದು ತೂಗುಹಾಕಲು ಖರ್ಚೇನೂ ಇಲ್ಲ.

ಅಧ್ಯಯನ ಕೂಟಗಳಲ್ಲಿ ಚರ್ಚಿಸಲು ಪ್ರಶ್ನೆಗಳು

(1) ಬಂಡವಾಳವಿಲ್ಲದ ನಾಲ್ವರು ಆರಂಭಿಸಿದ ಸಂಘ ದೊಡ್ಡ ಕಂಪನಿಗಳ ಮನಸ್ಸನ್ನು ಹೇಗೆ ಬದಲಿಸಿತು?
(2) ನಮ್ಮ ಊರಿನ ಕಾಫಿಯ ಅಥವಾ ಅಡಿಕೆಯ ಲಕ್ಷಣವನ್ನು ಮೂರು ವಾಕ್ಯಗಳಲ್ಲಿ ಹೇಳಲು ಸಾಧ್ಯವೇ?
(3) ಈ ಸಲದ ಕೊಯ್ಲಿನಲ್ಲಿ ತೊಟ್ಟಿಗೆ ಹಾಕಿದ ಗಂಟೆ, ತೊಳೆದ ಗಂಟೆ, ಹವೆ ಇವನ್ನು ಯಾರು ಬರೆದಿಡುತ್ತಾರೆ?
(4) ಕೂಟದ ಪ್ರತಿಯೊಬ್ಬ ಸದಸ್ಯರೂ ಪಾವು ಕಿಲೋ ಬೀಜ ತಂದು, ಹೆಸರು ಮರೆಮಾಡಿ, ಒಟ್ಟಿಗೆ ಕುಡಿದು ನೋಡುವ ಒಂದು ಸಂಜೆಯನ್ನು ಏರ್ಪಡಿಸಬಹುದೇ?

ನಾಲ್ಕನೆಯದನ್ನು ಮಾಡಿ ನೋಡುವ ಕೂಟಗಳು ದಿನಾಂಕವನ್ನು ಸಂಘದ ಕಚೇರಿಗೆ ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ. ಹುರಿಯುವ ಪೀಪಾಯಿಯನ್ನೂ ಪುಡಿ ಮಾಡುವ ಯಂತ್ರವನ್ನೂ ಕಳುಹಿಸಿಕೊಡಲಾಗುವುದು.

— ಕಾರ್ಯದರ್ಶಿ